ಗಾಳಿಕಲ್ಲಿನ ಮೇಲೆ ನಿಂತವನು

“ಇಲ್ಲೇ ಸ್ವಾಮಿ. ಈ ಧೂಪದ ಮರದ ಬುಡ್ದಲ್ಲೇ ಎಲ್ರೂ ನಿಂತ್ಕಂಡಿದ್ದು.”

ಕುಳ್ಳಯ್ಯ ಮಚ್ಚಿನ ತುದಿಯಿಂದ ನೆಲ ತೋರಿಸಿದ. ಹೆಸರಿಗೆ ಕುಳ್ಳಯ್ಯ, ಆಳು ಮಾತ್ರ ಆರಡಿ. ಹುಟ್ಟಿದ್ದು ಪಾಲಹಳ್ಳಿಯಲ್ಲಿ. ಕಬ್ಬಿನ ಗದ್ದೆ ಬಿಟ್ಟು ಬಂದು ಇಪ್ಪತ್ತು ವರ್ಷ ಈ ಘಟ್ಟದ ಕಾಡಿನಲ್ಲಿ ಕಾವಲುಗಾರನಾಗಿ ದಿನಗೂಲಿಗೆ ದುಡಿದವನು. ಈಗ ಪ್ರವಾಸಿಗಳನ್ನು ಬೆಳಿಗ್ಗೆ ಕಾಡಿನೊಳಗೆ ಕರೆದುಕೊಂಡು ಹೋಗಿ ಸಂಜೆಯೊಳಗೆ ಹೊರಗೆ ತಂದು ಬಿಡುವುದೇ ಅವನ ಕಸುಬು. ಐದು ವಾರದ ಹಿಂದೆ ಒಬ್ಬನನ್ನು ಹೊರಗೆ ತರಲಾಗಲಿಲ್ಲ. ಅಂದಿನಿಂದ ಅವನ ಹಿಂದೆ ನಡೆಯಲು ಯಾರೂ ಬಂದಿರಲಿಲ್ಲ.

ಗಂಟೆ ಹತ್ತೂವರೆಯಾಗಿದ್ದರೂ ಕಂಬಳಿ ಹೊದ್ದಂಥ ಮಬ್ಬು. ಮಳೆ ನಿಂತು ಬಹಳ ಹೊತ್ತಾಗಿತ್ತು, ಆದರೂ ಎಲೆಯಿಂದ ಎಲೆಗೆ ಹನಿ ಇಳಿಯುತ್ತಲೇ ಇತ್ತು. ಸಬ್ ಇನ್ಸ್‌ಪೆಕ್ಟರ್ ಶಿವಪ್ರಕಾಶ್ ಪಾಂಡವಪುರದ ಬಯಲಿನಲ್ಲಿ ಬೆಳೆದವನು. ಅಲ್ಲಿ ಎಲ್ಲಿ ನಿಂತು ಕತ್ತೆತ್ತಿದರೂ ಕುಂತಿಬೆಟ್ಟ ಕಾಣುತ್ತದೆ. ಇಲ್ಲಿ ಹತ್ತು ಮಾರು ಆಚೆಗೆ ಏನಿದೆ ಎಂಬುದೇ ತಿಳಿಯದು. ಉಸಿರೆಳೆದರೆ ಕೊಳೆತ ಎಲೆಯ ವಾಸನೆ.

“ಅವತ್ತು ಒಳಗೆ ಬಂದೋರು ಎಷ್ಟು ಜನ?” ಎಂದು ಕೇಳಿದ.

“ನಾನೂ ಸೇರಿ ಐದು. ಟೀಚರಮ್ಮ, ಅವರ ಅಣ್ಣನ ಮಗಳು ಅರ್ಪಿತ, ಗೌಡ್ರು, ಆಚಾರ್ರು. ಡ್ರೈವರ್ ಅಪ್ಪು ವ್ಯಾನ್ ತಾವೇ ಉಳ್ಕಂಡ.”

ಆಚಾರ್ರು ಅಂದರೆ ನಾಗಮಂಗಲದ ಅಕ್ಕಸಾಲಿಗ ಮಂಜುನಾಥಾಚಾರಿ. ಶ್ರೀರಂಗಪಟ್ಟಣದಿಂದ ಹೊರಟ ಒಂದು ದಿನದ ಕಾಡು ಪ್ರವಾಸಕ್ಕೆ ಹಳದಿ ಮಳೆಕೋಟು ತೊಟ್ಟು ಬಂದವನು ಮಾರನೆಯ ದಿನ ಗಾಳಿಕಲ್ಲು ಎಂಬ ಬಂಡೆಯ ಕೆಳಗಿನ ಮಡುವಿನಲ್ಲಿ ಹೆಣವಾಗಿ ಸಿಕ್ಕಿದ್ದ. ತಲೆ ಒಡೆದಿತ್ತು. ಕಾಲು ಜಾರಿ ಬಿದ್ದ ಎಂದು ಬರೆದು ಇಲ್ಲಿಯವರು ಕಡತ ಮುಚ್ಚಿದ್ದರು.

ಈ ಜಿಲ್ಲೆಯಲ್ಲಿ ಶಿವಪ್ರಕಾಶನಿಗೆ ಯಾವ ಅಧಿಕಾರವೂ ಇರಲಿಲ್ಲ. ತಮ್ಮನಿಗೆ ಹೆಣ್ಣು ನೋಡಲು ಹೋಗಬೇಕೆಂದು ಮೇಲಿನವರಿಗೆ ಹೇಳಿ, ಎರಡು ದಿನ ರಜೆ ಹಾಕಿ, ಮಫ್ತಿಯಲ್ಲಿ ಬಂದಿದ್ದ. ಜೊತೆಗೆ ಕಾನ್‌ಸ್ಟೇಬಲ್ ಪುಟ್ಟಸ್ವಾಮಿ. ಅದೇ ಪ್ರವಾಸ, ಅದೇ ವ್ಯಾನು, ಅದೇ ಜನ. ಹುಡುಗಿ ಅರ್ಪಿತಳನ್ನು ಮಾತ್ರ ಅವಳ ತಾಯಿ ಕಳಿಸಿರಲಿಲ್ಲ.

ಕಳಿಸದಿದ್ದವಳ ಬದಲಿಗೆ ಕರೆಯದೆ ಬಂದವಳೊಬ್ಬಳಿದ್ದಳು. ಸತ್ತವನ ಹೆಂಡತಿ ಜಯಲಕ್ಷ್ಮಮ್ಮ. ಬೆಳಗಿನ ಜಾವ ನಾಗಮಂಗಲದ ಬಸ್ ನಿಲ್ದಾಣದ ಎದುರು ವ್ಯಾನು ನಿಂತಾಗ ಸೆರಗು ಹೊದ್ದು ತಾನೇ ಬಂದು ಹತ್ತಿದ್ದಳು. ಕಾಡಿನ ಬಾಯಿಗೆ ಬಂದ ಮೇಲೆ ಮಾತ್ರ ಇಳಿಯಲಿಲ್ಲ.

“ಅವ್ರು ಬುಟ್ಟೋದ ಜಾಗ ನೋಡಕ್ಕೆ ನನ್ನ ಕೈಲಾಗಕಿಲ್ಲ ಸ್ವಾಮಿ. ಇಲ್ಲೇ ಕುಂತಿರ್ತೀನಿ. ನೀವು ನೋಡ್ಕ ಬನ್ನಿ,” ಎಂದಿದ್ದಳು.

ಡ್ರೈವರ್ ಅಪ್ಪು ತನ್ನ ಸೀಟಿನ ಮೇಲಿದ್ದ ಟವೆಲ್ಲನ್ನು ಮಡಚಿ ಅವಳ ಬೆನ್ನಿಗೆ ಕೊಟ್ಟಿದ್ದ. “ನಾನಿರ್ತೀನಿ ಬುಡವ್ವ, ಟೀ ತಂದ್ಕೊಡ್ತೀನಿ” ಎಂದಿದ್ದ. ಮೂವತ್ತರ ಹರೆಯ, ನಗುಮುಖ, ಗಿಡ್ಡ ಗಟ್ಟಿ ಮೈ. ದಾರಿಯುದ್ದಕ್ಕೂ ಎಲ್ಲರಿಗೂ ಬೇಕಾದವನು.

ಶಿವಪ್ರಕಾಶನ ಕಣ್ಣು ಅಪ್ಪುವಿನ ಮೇಲಿರಲಿಲ್ಲ. ಅವನ ಕಣ್ಣಿದ್ದದ್ದು, ಈಗ ಪುಟ್ಟಸ್ವಾಮಿಯ ಹೆಗಲು ಹಿಡಿದು ಕುಂಟುತ್ತಾ ಬರುತ್ತಿದ್ದ ಶಿವಣ್ಣನ ಮೇಲೆ.

ಶಿವಣ್ಣ ಪಾಂಡವಪುರ ತಾಲ್ಲೂಕಿನ ಕರಿಕಲ್ಲಹಳ್ಳಿಯ ಗೌಡ. ಗದ್ದೆ, ತೋಟ, ಹನ್ನೆರಡು ಸೀಮೆಹಸು. ಊರ ಮಾರಮ್ಮನ ಒಡವೆ ಪೆಟ್ಟಿಗೆಯ ಬೀಗದ ಕೈ ಮೂರು ತಲೆಮಾರಿನಿಂದ ಅವನ ಮನೆಯಲ್ಲೇ. ಮಂಜುನಾಥಾಚಾರಿಯನ್ನು ಈ ಪ್ರವಾಸಕ್ಕೆ ಬಲವಂತವಾಗಿ ಕರೆತಂದವನೂ ಅವನೇ.

“ಗೌಡ್ರೇ, ಇಲ್ಲಿಂದ ನೀವು ವಾಪಸ್ ಹೋದ್ರಿ. ಅಲ್ವಾ?”

“ಊಂ ಸಾರ್. ಮಂಡಿ ಬಾಧೆ. ಆಚಾರ್ರು ಒಂದಷ್ಟು ಹೊತ್ತು ನನ್ನ ಜೊತೆ ಕುಂತಿದ್ರು. ಆಮೇಲೆ ಇವರ ಹಿಂದ್ಗುಟ್ಟೇ ಮ್ಯಾಕ್ಕೆ ಹೋದ್ರು.” ಶಿವಣ್ಣ ಮುಖ ಒರೆಸಿಕೊಂಡ. “ನೂರು ಸಲ ಹೇಳಿದ್ದೀನಲ್ಲಾ.”

ಮಂಡಿ ಬಾಧೆ ನಿಜವೋ ನಾಟಕವೋ ಎಂದು ನೋಡುವುದಕ್ಕೇ ಶಿವಪ್ರಕಾಶ್ ಇಷ್ಟು ದೂರ ಎಲ್ಲರನ್ನೂ ಕಟ್ಟಿಕೊಂಡು ಬಂದಿದ್ದ.

“ಇವತ್ತು ಮೇಲಕ್ಕೂ ಬನ್ನಿ,” ಎಂದ. “ನಿಧಾನಕ್ಕೆ ಬನ್ನಿ. ಪುಟ್ಟಸ್ವಾಮಿ ಹಿಡ್ಕೊಳ್ತಾನೆ.”

ಧೂಪದ ಮರದ ಬಳಿ ದಾರಿ ಎರಡಾಗಿ ಒಡೆದಿತ್ತು. ಎಡಕ್ಕೆ ಹೋದದ್ದು ಹಳ್ಳದ ಗುಂಟ, ಕಲ್ಲಿನಿಂದ ಕಲ್ಲಿಗೆ, ಗಾಳಿಕಲ್ಲಿನ ಬುಡದ ಮಡುವಿಗೆ. ಬಲಕ್ಕೆ ಹೋದದ್ದು ತರಗೆಲೆ ತುಂಬಿದ ಏರು. ಅದು ಸುತ್ತಿ ಬಳಸಿ ಅದೇ ಗಾಳಿಕಲ್ಲಿನ ನೆತ್ತಿಗೆ ಹೋಗುತ್ತಿತ್ತು.

ಕುಳ್ಳಯ್ಯ ಮುಂದೆ, ಅವನ ಹಿಂದೆ ಟೀಚರ್ ರಾಧಾಮಣಿ, ಕೊನೆಯಲ್ಲಿ ಶಿವಪ್ರಕಾಶ್. ಬಲಗಡೆಯ ಏರು ಹಿಡಿದರು.

ನೂರು ಹೆಜ್ಜೆ ನಡೆಯುವಷ್ಟರಲ್ಲಿ ಶಿವಪ್ರಕಾಶನ ಕಾಲ್ಬೆರಳ ಸಂದಿಯಲ್ಲಿ ತಣ್ಣಗೆ ಏನೋ ಹರಿದಂತಾಯಿತು. ಬೂಟು ಬಿಚ್ಚಿ ನೋಡಿದರೆ ಮೂರು ಜಿಗಣೆ. ಒಂದಾಗಲೇ ರಕ್ತ ಕುಡಿದು ನೇರಳೆ ಹಣ್ಣಿನಂತಾಗಿತ್ತು. ಪ್ಯಾಂಟು ಮೇಲೆತ್ತಿದರೆ ಮೀನಖಂಡದ ತುಂಬ ಇನ್ನೂ ಐದಾರು.

ಕುಳ್ಳಯ್ಯ ಸೊಂಟದ ಚೀಲದಿಂದ ಹೊಗೆಸೊಪ್ಪಿನ ನೀರಲ್ಲಿ ನೆನೆಸಿದ ಬಟ್ಟೆ ತೆಗೆದು ಒರೆಸಿದ. ಜಿಗಣೆಗಳು ಸುರುಟಿಕೊಂಡು ಉದುರಿದವು. ರಕ್ತ ಮಾತ್ರ ನಿಲ್ಲಲಿಲ್ಲ, ಸಣ್ಣಗೆ ಹರಿಯುತ್ತಲೇ ಇತ್ತು.

“ನನಗೊಂದೂ ಹತ್ತಿಲ್ಲ ನೋಡಿ. ಮುಂದೆ ಹೋಗೋನ ಹೆಜ್ಜೆ ಸಪ್ಪಳಕ್ಕೆ ಅವು ಎಚ್ಚರ ಆಯ್ತವೆ. ಹಿಂದೆ ಬರೋರ್ಗೆ ಹತ್ಕತವೆ. ಕೊನೇಲಿ ಬರೋನ ಕಥೆ ಮುಗೀತು.”

“ಎಡಗಡೆ ದಾರೀಲಿ?”

“ಬರೀ ಕಲ್ಲಲ್ವಾ ಸ್ವಾಮಿ. ಅಲ್ಲಿ ಒಂದೂ ಇರಾಕಿಲ್ಲ. ರಸ್ತೆಯಿಂದ ಧೂಪದ ಮರದ ಗಂಟ ಬಂದ್ವಲ್ಲ, ಅದೂ ಹಳೇ ಗಾಡಿ ದಾರಿ, ಜಲ್ಲಿ ಹಾಕಿರೋದು. ಅಲ್ಲೂ ಇಲ್ಲ.”

ರಾಧಾಮಣಿ ಸೀರೆಯ ಅಂಚು ಎತ್ತಿ ತಮ್ಮ ಕಾಲು ತೋರಿಸಿದರು. ಪಾದದ ಸುತ್ತ ಹತ್ತಾರು ಕಪ್ಪು ಚುಕ್ಕೆ. “ಐದು ವಾರ ಆಯ್ತು ಸಾರ್. ಇನ್ನೂ ನವೆ ಹೋಗಿಲ್ಲ. ಅರ್ಪಿತಂಗೂ ಇಂಗೇ ಆಗಿದೆ. ಕೆರ್ಕೊಂಡು ಕೆರ್ಕೊಂಡು ಹುಣ್ಣು ಮಾಡ್ಕೊಂಡವ್ಳೆ.”

ಶಿವಪ್ರಕಾಶ್ ಬೂಟಿನ ದಾರ ಕಟ್ಟುತ್ತಿದ್ದವನು ಅಲ್ಲೇ ನಿಂತುಬಿಟ್ಟ.

ಹದಿನೈದು ದಿನದ ಹಿಂದೆ ಕೇಳಿದ್ದ ಮಾತು. ನಾಗಮಂಗಲ, ಅಕ್ಕಸಾಲಿಗರ ಬೀದಿ. ಕುಲುಮೆ ಆರಿ ಬೂದಿ ತಣ್ಣಗಾಗಿದ್ದ ಕೋಣೆಯ ಹೊಸ್ತಿಲ ಮೇಲೆ ಜಯಲಕ್ಷ್ಮಮ್ಮ ಕುಳಿತಿದ್ದಳು. ಅತ್ತೂ ಅತ್ತೂ ದನಿ ಬಿದ್ದುಹೋಗಿತ್ತು.

“ಬಿದ್ದು ಸತ್ರು ಅಂದ್ರು. ತಲೆ ಒಡ್ದಿತ್ತು, ನಿಜ. ಮಣ್ಣಿಗೆ ಇಡೋ ಮೊದ್ಲು ನಾನೇ ಅವ್ರ ಕಾಲ್ ತೊಳ್ದೆ ಸ್ವಾಮಿ. ಒಂದು ತರಚು ಗಾಯ ಇರ್ಲಿಲ್ಲ. ಎಳೆ ಮಗೀನ ಕಾಲಿದ್ದಂಗಿದ್ವು. ದಿನಾ ಕುಲುಮೆ ಮುಂದೆ ಕುಂತ್ಕಳೋ ಮನ್ಸ, ಅವರ ಕಾಲು ಯಾವತ್ತೂ ಅಂಗೇ, ಮೆತ್ತಗೆ. ಬೆಟ್ಟ ಹತ್ತಿದ ಕಾಲಾ ಅದು?”

ಹೆಂಡತಿಯ ಸಂಕಟದ ಮಾತು ಎಂದುಕೊಂಡಿದ್ದ ಅವನು. ಡೈರಿಯಲ್ಲಿ ಬರೆದುಕೊಂಡಿರಲೂ ಇಲ್ಲ.

“ಕುಳ್ಳಯ್ಯ, ಜಿಗಣೆ ಹೆಣಕ್ಕೆ ಹತ್ತುತ್ತಾ?”

“ಅಯ್ಯೋ, ಎಲ್ಲಾದ್ರೂ ಉಂಟಾ? ಬಿಸಿ ರಕ್ತ ಇದ್ರೇನೇ ಅದಕ್ಕೆ ಜೀವ.”

“ಮಾರನೇ ದಿನ ಹೆಣ ಎತ್ತಿದ್ದು ನೀನೇ ಅಲ್ವಾ? ಕಾಲು ನೋಡಿದ್ಯಾ?”

ಕುಳ್ಳಯ್ಯ ನೆನೆಸಿಕೊಂಡ. ನೆನೆಸಿಕೊಳ್ಳುತ್ತಾ ಅವನ ಮುಖದ ಬಣ್ಣವೇ ಬದಲಾಯಿತು.

“ಬೂಟು ಕಳಚಿದ್ದು ನಾನೇ,” ಎಂದ ಮೆಲ್ಲಗೆ. “ಒಂದು ಚುಕ್ಕೆ ಇರ್ಲಿಲ್ಲ ಸ್ವಾಮಿ. ನಾನು ನೋಡಿದ್ದೆ, ನೋಡಿದ್ರೂ ನನಗೆ ಹೊಳೀಲಿಲ್ಲ.”

ಕೊನೆಯಲ್ಲಿ ನಡೆದವನ ಕಾಲಿಗೆ ಒಂದು ಜಿಗಣೆಯೂ ಹತ್ತಿರಲಿಲ್ಲ. ಅಂದರೆ ಮಂಜುನಾಥಾಚಾರಿ ಈ ದಾರಿ ತುಳಿದೇ ಇರಲಿಲ್ಲ.

ಏರು ಮುಗಿದಾಗ ಮರಗಳು ಹಿಂದೆ ಸರಿದವು. ಎದುರಿಗೆ ಆನೆಯ ಬೆನ್ನಿನಂಥ ಬಂಡೆ, ಅದರಾಚೆ ಬರೀ ಬಿಳಿ ಮಂಜು. ಕೆಳಗೆ ಎಲ್ಲೋ ನೀರು ಬೀಳುವ ಸದ್ದು. ಗಾಳಿಕಲ್ಲು.

“ಅವತ್ತು ನಡೆದದ್ದು ನಡೆದಂಗೆ ಹೇಳಿ ಮೇಡಂ.”

ರಾಧಾಮಣಿ ಪಾಂಡವಪುರದ ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷ ಪಾಠ ಮಾಡಿದವರು. ಕಂಡದ್ದನ್ನು ಕಂಡಷ್ಟೇ ಹೇಳುವ ಅಭ್ಯಾಸ.

“ನಾವು ಮೂವರು ಬಂದು ಇಲ್ಲಿ ಕೂತು ಪುಳಿಯೋಗರೆ ತಿಂದ್ವಿ. ಅರ್ಧ ಗಂಟೆ ಆಗಿರ್ಬೇಕು. ಆಗ ಮರದ ಕಡೆಯಿಂದ ಹಳದಿ ಕೋಟು ಬಂತು. ಟೋಪಿ ಎಳ್ಕೊಂಡಿದ್ರು. ನಮ್ಮ ಹತ್ರ ಬರ್ಲಿಲ್ಲ, ನೆಟ್ಟಗೆ ಆ ಅಂಚಿಗೆ ಹೋಗಿ ಬೆನ್ನು ಮಾಡ್ಕೊಂಡು ನಿಂತ್ರು. ‘ಆಚಾರ್ರೇ, ಇಲ್ಲಿ ನೋಡಿ’ ಅಂತ ಕರೆದೆ. ತಿರುಗ್ಲಿಲ್ಲ, ಬರೀ ಕೈ ಎತ್ತಿದ್ರು. ನಾನು ಫೋಟೋ ಹೊಡೆದೆ.”

ಆ ಫೋಟೋ ಶಿವಪ್ರಕಾಶನ ಜೇಬಿನಲ್ಲೇ ಇತ್ತು. ಮಂಜು, ಮಂಜಿನೊಳಗೆ ಹಳದಿ ಬೆನ್ನು, ಮೇಲೆತ್ತಿದ ಒಂದು ತೋಳು. ಮುಖವಿಲ್ಲ.

“ಅಂಚಿಗೆ ಹೋಗ್ಬ್ಯಾಡಿ ಅಂತ ನಾನೂ ಕೂಗ್ದೆ,” ಎಂದ ಕುಳ್ಳಯ್ಯ. “ಮಳೆ ಬರಂಗಿತ್ತು. ಹೆಂಗಸರ್ನ ಕರ್ಕಂಡು ಮುಂದೆ ಇಳ್ದೆ, ಬಂದ್ಬುಡಿ ಅಂತ ಹೇಳಿ. ಕೆಳಗೆ ಧೂಪದ ಮರದ ತಾವ ಕಾದೆ, ಕಾದೆ. ಬರ್ಲಿಲ್ಲ.”

“ಇಲ್ಲಿಂದ ಕೆಳಗಿನ ಮಡುವಿಗೆ ಬೇರೆ ದಾರಿ ಇದೆಯಾ?”

ಕುಳ್ಳಯ್ಯ ಬಂಡೆಯ ಹಿಂಬದಿಗೆ ಕರೆದೊಯ್ದ. ಬೆತ್ತದ ಪೊದೆಯನ್ನು ಮಚ್ಚಿನಿಂದ ಸರಿಸಿದ. ಬಿಳಲು ಹಿಡಿದು ಇಳಿಯಬಹುದಾದ ಕಡಿದಾದ ಕೊರಕಲು. ಗಟ್ಟಿಮುಟ್ಟಾದವನಿಗೆ ಹತ್ತು ನಿಮಿಷದ ದಾರಿ.

“ಇದು ಯಾರಿಗೆ ಗೊತ್ತು?”

ಕುಳ್ಳಯ್ಯ ಉತ್ತರ ಕೊಡಲು ಬಾಯಿ ತೆರೆದ. ಅಷ್ಟರಲ್ಲಿ ಮರಗಳ ಕಡೆಯಿಂದ ಪುಟ್ಟಸ್ವಾಮಿಯ ಕೂಗು ಕೇಳಿಸಿತು.

ಶಿವಣ್ಣ ಬಂಡೆಯ ಮೇಲೆ ಬಂದವನು ಕೂರಲಿಲ್ಲ, ಕುಸಿದ. ಪಂಚೆ ಕೆಸರಾಗಿತ್ತು. ತುಟಿ ನೀಲಿಗಟ್ಟಿತ್ತು. ಎಡ ಮಂಡಿ ಊದಿ ತೆಂಗಿನಕಾಯಿಯಂತಾಗಿತ್ತು. ಪುಟ್ಟಸ್ವಾಮಿ ಅವನಿಗಿಂತ ಹೆಚ್ಚು ಏದುಸಿರು ಬಿಡುತ್ತಿದ್ದ.

“ಹೊತ್ಕೊಂಡೇ ಬಂದಂಗಾಯ್ತು ಸಾರ್,” ಎಂದ.

ಶಿವಪ್ರಕಾಶ್ ಗಡಿಯಾರ ನೋಡಿದ. ಒಂದೂಕಾಲು ಗಂಟೆ. ಹೆಗಲು ಕೊಟ್ಟೂ ಏರು ಹತ್ತಲು ಒಂದೂಕಾಲು ಗಂಟೆ ಹಿಡಿದಿತ್ತು.

ಹದಿನೈದು ದಿನದಿಂದ ಕಟ್ಟಿಕೊಂಡು ಬಂದಿದ್ದ ಲೆಕ್ಕಾಚಾರ ಒಂದೇ ಏಟಿಗೆ ಬಿದ್ದುಹೋಯಿತು. ಮಂಜುನಾಥಾಚಾರಿಯನ್ನು ಕವಲುದಾರಿಯಲ್ಲೇ ಹೊಡೆದು, ಕೋಟು ಬಿಚ್ಚಿ ತೊಟ್ಟು, ಅರ್ಧ ಗಂಟೆಯಲ್ಲಿ ಈ ಏರು ಹತ್ತಿ ಬಂದು ನಿಂತವನು ಈ ಮುದುಕನಲ್ಲ.

ಅವನು ಶಿವಣ್ಣನ ಎದುರು ಕುಕ್ಕರುಗಾಲಿನಲ್ಲಿ ಕುಳಿತ.

“ಗೌಡ್ರೇ, ನೀವಲ್ಲ.”

“ಏನಂದ್ರಿ?”

“ಆಚಾರ್ರು ಈ ಬಂಡೆ ಹತ್ತಲೇ ಇಲ್ಲ. ಅವರ ಕೋಟು ಹತ್ತಿತು. ಅದನ್ನ ತೊಟ್ಟು ಇಲ್ಲಿ ನಿಂತು ಕೈ ಎತ್ತಿದೋರು ನೀವು ಅಂದ್ಕೊಂಡಿದ್ದೆ. ನೀವಲ್ಲ.”

ಕೊಲೆಯ ಅನುಮಾನ ತಲೆಯಿಂದ ಇಳಿದವನ ಮುಖದಲ್ಲಿ ಒಂದಿಷ್ಟಾದರೂ ಹಗುರ ಕಾಣಬೇಕಿತ್ತು. ಶಿವಣ್ಣನ ಮುಖ ಬೂದಿಯಾಯಿತು.

“ನಾನೇ,” ಎಂದ.

“ಗೌಡ್ರೇ.”

“ನಾನೇ ಸಾರ್. ಬರ್ಕಳಿ. ನಾನೇ ಹೊಡ್ದೆ, ನಾನೇ ಕೋಟು ಹಾಕ್ಕಂಡೆ. ಎಲ್ಲಿಗೆ ಬೇಕಾದ್ರೂ ಹೆಬ್ಬೆಟ್ಟು ಒತ್ತುತೀನಿ.”

“ಯಾವ ಕೈಯಲ್ಲಿ ಹೊಡೆದ್ರಿ? ಏನ್ರಲ್ಲಿ ಹೊಡೆದ್ರಿ?”

ಶಿವಣ್ಣ ತನ್ನೆರಡೂ ಕೈಗಳನ್ನು ತಿರುಗಿಸಿ ನೋಡಿಕೊಂಡ.

“ಮಾರಮ್ಮನ ಒಡವೆ ವಿಷಯ ನನಗೆ ಗೊತ್ತು,” ಎಂದ ಶಿವಪ್ರಕಾಶ್. “ಹೊಳಪು ಕೊಡೋಕೆ ಆಚಾರ್ರನ್ನ ಕರೆಸಿದ್ರಿ. ಅಮ್ಮನ ಕತ್ತಿನ ಅಡ್ಡಿಕೆ ತಿರುಗಿಸಿ ನೋಡಿದ್ರೆ ಹಿಂದುಗಡೆ ಸಾಸಿವೆ ಗಾತ್ರದ ಚುಕ್ಕಿ. ಅವರ ಅಪ್ಪನ ಕಾಲದಿಂದ ಅವರ ಮನೆಯವರು ಇಡ್ತಿದ್ದ ಗುರುತು. ಎಂಟು ವರ್ಷದ ಹಿಂದೆ ಡ್ರಾಮಾದಲ್ಲಿ ರಾಣಿ ಪಾರ್ಟಿಗೆ ಬೇಕು ಅಂತ ಹೇಳಿ ನಿಮ್ಮ ಮನೆಯವರೇ ಬಂದು ಮಾಡಿಸಿಕೊಂಡು ಹೋಗಿದ್ದ ತಾಮ್ರದ ಒಡವೆ. ಚಿನ್ನದ ನೀರು ಕುಡಿಸಿದ್ದು. ತಾನು ಮಾಡಿದ ನಕಲಿಗೆ ಊರೆಲ್ಲಾ ಎಂಟು ವರ್ಷ ಕೈ ಮುಗೀತಾ ಬಂದಿತ್ತು. ಅವತ್ತು ರಾತ್ರಿ ಅವರು ಮನೆಯಲ್ಲಿ ಉಣ್ಲಿಲ್ಲವಂತೆ.”

ರಾಧಾಮಣಿ ಬಾಯಿಗೆ ಸೆರಗು ಹಿಡಿದರು.

“ಅವ್ರು ಸೋಮವಾರ ಊರ ಮುಂದೆ ಹೇಳ್ಬುಡ್ತೀನಿ ಅಂದ್ರು,” ಎಂದ ಶಿವಣ್ಣ. ಮಾತು ಅವನ ಬಾಯಿಂದಲ್ಲ, ಎದೆಯಿಂದ ಕಿತ್ತುಬಂದಂತಿತ್ತು. “ಆ ಮರದ ಬುಡ್ದಲ್ಲಿ ಅವರ ಕಾಲು ಹಿಡ್ಕಂಡೆ ಸಾರ್. ನಾನು ಗೌಡ, ಅಕ್ಕಸಾಲಿಗನ ಕಾಲು ಹಿಡ್ಕಂಡೆ. ‘ಗೌಡ್ರೇ, ನಿಮ್ಮ ಮರ್ವಾದೆಗಿಂತ ನನ್ನ ಕೈ ಕೆಲ್ಸ ದೊಡ್ಡದು’ ಅಂದ್ಬುಟ್ರು. ಇನ್ನೇನು ಮಾತು? ಎದ್ದು ವಾಪಸ್ ಹೊಂಟೆ. ನಾನು ಹೋಗೋವಾಗ ಅವರು ಬದ್ಕಿದ್ರು. ಮಾರಮ್ಮನಾಣೆ.”

“ಒಡವೆ ಬದಲಾಯಿಸಿದ್ದು ನೀವಾ?”

“ಅಲ್ಲ.”

“ಮತ್ತೆ ಯಾಕೆ ಕಾಲು ಹಿಡಿದ್ರಿ?”

ಮಂಜು ಬಂಡೆಯ ಮೇಲೆ ಹರಿದು ಬಂದು ಶಿವಣ್ಣನ ಕಾಲನ್ನು ಮುಚ್ಚಿತು. ಅವನು ಅದನ್ನೇ ನೋಡುತ್ತಿದ್ದ.

“ಗೌಡ್ರೇ, ವಾಪಸ್ ಹೋಗ್ತಾ ಗಾಡಿ ದಾರೀಲಿ ನಿಮಗೆ ಯಾರು ಎದುರಾದ್ರು?”

ಶಿವಣ್ಣ ಪಂಚೆಗೆ ಮೆತ್ತಿದ ಕೆಸರನ್ನು ಉಗುರಿನಿಂದ ಕೆರೆಯತೊಡಗಿದ.

ಕುಳ್ಳಯ್ಯ ಇದ್ದಕ್ಕಿದ್ದಂತೆ ಮಾತಾಡಿದ. ಅವನ ದನಿ ಅವನಿಗೇ ಅಪರಿಚಿತವಾಗಿತ್ತು.

“ಆ ಕೊರಕಲು ಯಾರಿಗ್ ಗೊತ್ತು ಅಂದ್ರಲ್ಲ ಸ್ವಾಮಿ. ನಾನೇ ತೋರ್ಸಿದ್ದೆ. ಹೋದ್ ವರ್ಷ. ಮಡುವಲ್ಲಿ ಮೀನು ಹಿಡೀತೀನಿ ಅಂತ ಕೇಳ್ದ. ನಾಲ್ಕು ವರ್ಷದಿಂದ ಜನಾನ ಕರ್ಕಂಬತ್ತಾವ್ನೆ, ಒಳ್ಳೆ ಹುಡ್ಗ ಅಂತ ತೋರ್ಸ್ದೆ.”

“ಯಾರಿಗೆ?”

“ಅಪ್ಪೂಗೆ.”

ಶಿವಣ್ಣ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

ಅಪ್ಪು ಶಿವಣ್ಣನ ಅಕ್ಕನ ಮಗ. ಮೂರು ವರ್ಷದವನಿದ್ದಾಗ ತಾಯಿ ತೀರಿಕೊಂಡಳು. ಗಂಡು ಮಕ್ಕಳಿಲ್ಲದ ಶಿವಣ್ಣ ಎತ್ತಿಕೊಂಡು ಬಂದು ಸಾಕಿದ್ದ. ಇಷ್ಟು ಮಾತ್ರ ಶಿವಪ್ರಕಾಶನಿಗೆ ಮೊದಲೇ ಗೊತ್ತಿತ್ತು. ಅದು ಒಂದು ಸುಳಿವೆಂದು ಯಾವತ್ತೂ ಅನಿಸಿರಲಿಲ್ಲ.

“‘ಮಾವ, ಒಪ್ಪಿದ್ನಾ?’ ಅಂತ ಕೇಳ್ದ,” ಶಿವಣ್ಣ ಅಂಗೈಯ ಒಳಗಿಂದಲೇ ಹೇಳಿದ. “ಇಲ್ಲ ಕಣ್ಲಾ ಅಂದೆ. ‘ಸರಿ, ನೀನು ಹೋಗಿ ಟೀ ಕುಡೀತಿರು. ನಾನೊಂದು ಮಾತು ಹೇಳ್ಬತ್ತೀನಿ’ ಅಂದ. ನಗ್ತಾನೇ ಅಂದ. ನಾನು ಹೋದೆ. ಟೀ ಕುಡ್ದೆ. ಎರಡು ಗಂಟೆ ಕುಂತಿದ್ದೆ. ಆಮೇಲೆ ಬಂದ. ಮೈಯೆಲ್ಲಾ ನೆಂದಿತ್ತು. ಹಳ್ಳದಲ್ಲಿ ಜಾರ್ಬುಟ್ಟೆ ಮಾವ ಅಂದ.”

“ಆಮೇಲೆ?”

“ನಾನು ಕೇಳ್ಲಿಲ್ಲ.”

“ಐದು ವಾರ. ಒಂದೇ ಮನೇಲಿ. ಒಂದು ಮಾತೂ ಕೇಳ್ಲಿಲ್ವಾ?”

“ಕೇಳಿದ್ರೆ ಹೇಳ್ಬುಡ್ತಾನಲ್ಲಾ ಸಾರ್!” ಶಿವಣ್ಣ ಕೂಗಿದ. ಕೂಗು ಬಂಡೆಯಾಚೆಯ ಬಿಳಿಯೊಳಗೆ ಬಿದ್ದು ಎಲ್ಲೂ ತಾಗದೆ ಹೋಯಿತು. “ಒಡವೆ ಕಳುವಾದ ವರ್ಷವೇ ಅವನ ವ್ಯಾನು ಬಂತು. ಅದನ್ನೂ ಕೇಳ್ಲಿಲ್ಲ. ಬೀಗದ ಕೈ ದೇವರ ಗೂಡಲ್ಲೇ ಇರ್ತದೆ, ಅದೂ ಗೊತ್ತಿತ್ತು. ಅವನು ಉಣ್ಣೋವಾಗ ಎದುರಿಗೆ ಕುಂತ್ಕಂಡು ಮುಖ ನೋಡ್ತೀನಿ. ಮುದ್ದೆ ನುಂಗ್ತಾನೆ, ನಗ್ತಾನೆ. ಅಪ್ಪಾ ಅನ್ನಲ್ಲ, ಮಾವ ಅಂತಾನೆ. ಅಂದ್ರೂ ನನಗೆ ಮಗನೇ ಅಲ್ವಾ?”

ಮಂಜುನಾಥಾಚಾರಿ ಬಿದ್ದು ಸತ್ತನೆಂದು ಲೋಕ ನಂಬಬೇಕಾದರೆ ಅವನು ಮೊದಲು ಹತ್ತಿದ್ದನ್ನು ಯಾರಾದರೂ ನೋಡಿರಬೇಕು. ಅದಕ್ಕೇ ಆ ಕೋಟು, ಅದಕ್ಕೇ ಮೇಲೆತ್ತಿದ ಕೈ. ಆಮೇಲೆ ಕೊರಕಲಿಳಿದು, ಮಡುವಿನ ಬಳಿ ಬಚ್ಚಿಟ್ಟಿದ್ದ ಹೆಣಕ್ಕೆ ಕೋಟು ತೊಡಿಸಿ, ನೀರಿಗೆ ನೂಕಿ, ಉಳಿದವರು ಧೂಪದ ಮರಕ್ಕೆ ಇಳಿಯುವ ಮೊದಲೇ ಹಳ್ಳದ ಗುಂಟ ಟೀ ಅಂಗಡಿಗೆ ನಡೆದು ಬರುವುದಷ್ಟೇ.

ಶಿವಪ್ರಕಾಶ್ ಫೋಟೋ ಜೇಬಿಗೆ ಹಾಕಿಕೊಂಡು ಎದ್ದ. ಎದ್ದವನ ಕಣ್ಣು ಪುಟ್ಟಸ್ವಾಮಿಯ ಮೇಲೆ ಬಿತ್ತು.

ಹೆಗಲು ಕೊಡಲೆಂದು ಪುಟ್ಟಸ್ವಾಮಿಯನ್ನು ಇಲ್ಲಿಗೆ ಎಳೆದುಕೊಂಡು ಬಂದಿದ್ದ. ವ್ಯಾನಿನ ಬಳಿ ಯಾರನ್ನೂ ಬಿಟ್ಟಿರಲಿಲ್ಲ.

ಜಯಲಕ್ಷ್ಮಮ್ಮ ಒಬ್ಬಳೇ.

“ಪುಟ್ಟಸ್ವಾಮಿ, ಇವರನ್ನ ನಿಧಾನಕ್ಕೆ ಕರ್ಕೊಂಡು ಬಾ. ಕುಳ್ಳಯ್ಯ, ನಡಿ. ಓಡು!”

ಇಳಿಜಾರಿನಲ್ಲಿ ಅವನು ಎಷ್ಟು ಸಲ ಬಿದ್ದನೋ ಲೆಕ್ಕವಿರಲಿಲ್ಲ. ಬೆತ್ತದ ಮುಳ್ಳು ಅಂಗಿ ಹಿಡಿದೆಳೆಯಿತು, ಅಂಗಿ ಹರಿಯಿತು. ಮುಂದೆ ಕುಳ್ಳಯ್ಯನ ಬೆನ್ನು, ಮಂಜಿನಲ್ಲಿ ಕಾಣುತ್ತಾ ಮರೆಯಾಗುತ್ತಾ. ಧೂಪದ ಮರ ದಾಟಿತು. ಗಾಡಿ ದಾರಿಯ ಜಲ್ಲಿ ಕಾಲಿಗೆ ಸಿಕ್ಕಿತು. ಬೆಳಿಗ್ಗೆ ಟೀ ಅಂಗಡಿಯವಳನ್ನು ಗೌಡರ ಬಗ್ಗೆ ಮಾತ್ರ ಕೇಳಿದ್ದ. ಗೌಡರು ಕುಂಟಿಕೊಂಡು ಬಂದು ಕೂತಿದ್ದರು ಎಂದಿದ್ದಳು. ಆಗ ಡ್ರೈವರ್ ಎಲ್ಲಿದ್ದ ಎಂದು ಒಂದು ಮಾತು, ಒಂದೇ ಮಾತು, ಅವನ ಬಾಯಿಗೆ ಬಂದಿರಲಿಲ್ಲ.

ರಸ್ತೆ ಕಂಡಿತು. ಬೆಟ್ಟಮ್ಮನ ಟೀ ಅಂಗಡಿಯ ತಗಡಿನ ಮಾಡು, ಒಲೆಯ ಹೊಗೆ.

ವ್ಯಾನು ಇರಲಿಲ್ಲ.

ಅದು ನಿಂತಿದ್ದ ಕಡೆ ನೆಲದ ಮೇಲೆ ಸೋಪಿನ ನೊರೆ ಇನ್ನೂ ಆರಿರಲಿಲ್ಲ. ಪಕ್ಕದಲ್ಲಿ ಬಕೆಟ್ಟು ಉರುಳಿತ್ತು.

“ಬೆಟ್ಟಮ್ಮ! ವ್ಯಾನ್ ಎಲ್ಲಿ? ಆಯಮ್ಮ ಎಲ್ಲಿ?”

ಬೆಟ್ಟಮ್ಮ ಕೆ.ಆರ್. ಪೇಟೆ ಸೀಮೆಯಿಂದ ಮದುವೆಯಾಗಿ ಘಟ್ಟಕ್ಕೆ ಬಂದವಳು. ಒಲೆಯ ಮುಂದಿನಿಂದ ಏಳದೆ ಅವನನ್ನೇ ನೋಡಿದಳು. ಅವಳ ಕಣ್ಣಲ್ಲಿ ಗಾಬರಿ ಇತ್ತು.

“ಹೋಗಿ ಅರ್ಧ ಗಂಟೆ ಆಯ್ತು ಸ್ವಾಮಿ.”

“ಏನಾಯ್ತು? ಮೊದಲಿಂದ ಹೇಳು.”

“ಆವಮ್ಮ ಇಳ್ದು ಬಂದು ಇಲ್ಲೇ ಬೆಂಚ್ ಮ್ಯಾಲೆ ಕುಂತಿದ್ಲು. ಬೆಟ್ಟ ಅಂಗದೆ, ದಾರಿ ಇಂಗದೆ ಅಂತ ಮಾತಿಗೆ ಮಾತು ಬಂತು. ‘ಮ್ಯಾಕ್ಕೆ ಹೋದೋರು ಜಿಗಣೆ ಕೈಲಿ ಕಚ್ಚಿಸ್ಕಳ್ದೆ ಬಂದದ್ದೇ ಇಲ್ಲ ಕಣವ್ವ’ ಅಂದೆ. ನಂಗೇನು ಗೊತ್ತು? ಆವಮ್ಮ ಬಾಳಾ ಹೊತ್ತು ಅವಳ ಅಂಗೈನೇ ನೋಡ್ಕಂಡು ಕುಂತಿದ್ಲು.”

ಶಿವಪ್ರಕಾಶ್ ಉರುಳಿದ್ದ ಬಕೆಟ್ಟಿನ ಕಡೆ ತಿರುಗಿದ.

“ಅಪ್ಪು ಪ್ಯಾಂಟ್ ಮಡಿಸ್ಕಂಡು ವ್ಯಾನ್ ತೊಳೀತಿದ್ದ,” ಬೆಟ್ಟಮ್ಮ ಮುಂದುವರಿಸಿದಳು. “ಆವಮ್ಮ ಟೀ ಲೋಟ ಹಿಡ್ಕಂಡು ಅವನ ತಾವ ಹೋದ್ಲು. ಲೋಟ ಕೆಳಗಿಟ್ಟು ಅಲ್ಲೇ ನೆಲದ ಮ್ಯಾಲೆ ಕುಂತ್ಕಂಡು ಅವನ ಕಾಲು ನೋಡುದ್ಲು. ಮುಟ್ಟಿ ಮುಟ್ಟಿ ನೋಡುದ್ಲು. ‘ಇದೇನ್ ಮಗಾ ಚುಕ್ಕೆ?’ ಅಂದ್ಲು. ಅವನು ನಗಾಡ್ದ. ಆಮೇಲೆ ಆವಮ್ಮ ಇನ್ನೇನೋ ಮೆಲ್ಲಕೆ ಅಂದ್ಲು. ಅದು ನಂಗೆ ಕೇಳ್ಲಿಲ್ಲ. ಅವನ ನಗು ನಿಂತೋಯ್ತು.”

“ಆಮೇಲೆ ಬಲವಂತವಾಗಿ ಹತ್ತಿಸ್ಕೊಂಡು ಹೋದ್ನಾ?”

“ಇಲ್ಲ ಸ್ವಾಮಿ!” ಬೆಟ್ಟಮ್ಮ ತಲೆಯಾಡಿಸಿದಳು. “ಅವನು ಕೈಲಿದ್ದ ಬಟ್ಟೆ ಬಿಸಾಕಿ ಓಡಂಗೆ ಹೋಗಿ ಸ್ಟೇರಿಂಗ್ ಮುಂದೆ ಕುಂತ. ಆವಮ್ಮ ನಿಧಾನುಕ್ಕೆ ಎದ್ದು, ಸೆರಗು ಸೊಂಟಕ್ಕೆ ಸಿಗಿಸ್ಕಂಡು, ಆ ಕಡೆ ಬಾಗ್ಲು ತೆಕ್ಕಂಡು ಮುಂದ್ಗಡೆ ಸೀಟಲ್ಲಿ ತಾನೇ ಕುಂತ್ಲು. ಅವನು ಇಳಿ ಇಳಿ ಅಂತಿದ್ದ. ಇಳೀಲಿಲ್ಲ.”

“ಯಾವ ಕಡೆ ಹೋದ್ರು?”

ಬೆಟ್ಟಮ್ಮ ಕೈ ತೋರಿಸಿದಳು. ಊರಿನ ಕಡೆಗಲ್ಲ. ಘಟ್ಟದ ಕೆಳಕ್ಕೆ. ಎರಡನೇ ತಿರುವಿನಿಂದಾಚೆ ರಸ್ತೆಯೇ ಕಾಣುತ್ತಿರಲಿಲ್ಲ, ಬರೀ ಮಂಜು. ಹತ್ತಿರದ ಫೋನು ಹದಿನಾಲ್ಕು ಮೈಲಿ ದೂರ. ಮುಂದಿನ ಬಸ್ಸು ಮೂರು ಗಂಟೆಗೆ.

“ಹೋಗೋ ಮೊದ್ಲು ಕಿಟಕೀಲಿ ಕತ್ತು ಹಾಕಿ ನನಗೊಂದು ಮಾತು ಹೇಳುದ್ಲು,” ಎಂದಳು ಬೆಟ್ಟಮ್ಮ. “‘ಸಾಹೇಬ್ರು ಬಂದ್ರೆ ನಮಗೆ ಕಾಯೋದು ಬ್ಯಾಡ ಅಂತ ಹೇಳವ್ವಾ’ ಅಂದ್ಲು.”

ಕುಳ್ಳಯ್ಯ ಆಗಲೇ ರಸ್ತೆಗಿಳಿದು ಕೆಳಗಿನ ತಿರುವಿನತ್ತ ಓಡುತ್ತಿದ್ದ. ಶಿವಪ್ರಕಾಶ್ ಅವನ ಹಿಂದೆ ಹೊರಟವನು, ಬೆಟ್ಟಮ್ಮ ಮತ್ತೆ ಕರೆದದ್ದಕ್ಕೆ ತಿರುಗಿದ. ಅವಳು ಒಲೆ ಬಿಟ್ಟು ಎದ್ದು ನಿಂತಿದ್ದಳು.

“ಸ್ವಾಮಿ, ಅವನು ಹೆದರ್ಕಂಡಿದ್ದ. ಆವಮ್ಮ ಹೆದರ್ಕಂಡಿರ್ಲಿಲ್ಲ.”